ತಲುಪಿದ ಹೊತ್ತು

ಗಂಡನ ಫೋನು ಮನೆಗೆ ಬಂದಾಗ ಎರಡು ತುಂಡಾಗಿತ್ತು. ಫೋನು ಬೇರೆ, ಬ್ಯಾಟರಿ ಬೇರೆ. ಲಿಫ್ಟಿನ ಗುಂಡಿಯ ತಳಕ್ಕೆ ಬಿದ್ದಾಗ ಹಿಂಬದಿಯ ಮುಚ್ಚಳ ಕಳಚಿ ಬ್ಯಾಟರಿ ಹೊರಗೆ ಹಾರಿತ್ತಂತೆ. ಅವನ ತಂಡದ ಮೇಸ್ತ್ರಿ ಎರಡನ್ನೂ ಆರಿಸಿ, ಗ್ರೀಸ್ ಒರೆಸಿ, ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ತಂದುಕೊಟ್ಟ. "ಗಾಜಿಗೆ ಏನೂ ಆಗಿಲ್ಲಮ್ಮ," ಅಂದ. ಹೇಳಿದ ಮೇಲೆ, ಹೇಳಬಾರದಿತ್ತು ಅನ್ನಿಸಿರಬೇಕು, ಚಪ್ಪಲಿ ಸರಿಮಾಡಿಕೊಳ್ಳುವವನ ಹಾಗೆ ಬಗ್ಗಿ ತುಂಬ ಹೊತ್ತು ಬಗ್ಗಿಯೇ ಇದ್ದ.

ಅವಳು ಕವರನ್ನು ಬಿಚ್ಚಲಿಲ್ಲ. ಬಟ್ಟೆ ಬೀರುವಿನಲ್ಲಿ, ಅವನ ಸ್ವೆಟರುಗಳ ಮೇಲೆ ಇಟ್ಟಳು.

ಅತ್ತೆ ದಿನಕ್ಕೊಮ್ಮೆ ಕೇಳುತ್ತಿದ್ದರು. "ಅದರಲ್ಲಿ ಅವನ ಫೋಟೋ ಎಲ್ಲ ಇದೆಯಲ್ಲ. ಚಾರ್ಜಿಗೆ ಹಾಕು."

"ಹಾಕ್ತೀನಿ ಅತ್ತೆ."

"ಏನು, ಉಪ್ಪಿನಕಾಯಿ ಹಾಕಿಟ್ಟಿದ್ದೀಯಾ ಅದನ್ನ?"

"ಹಾಕ್ತೀನಿ ಅಂದ್ನಲ್ಲ."

ಫೋನಿನೊಳಗೆ ಫೋಟೋ ಬಿಟ್ಟು ಇನ್ನೊಂದು ಇತ್ತು. ಅದನ್ನು ಅತ್ತೆಗೆ ಹೇಗೆ ಹೇಳುವುದೆಂದು ಅವಳಿಗೆ ಗೊತ್ತಿರಲಿಲ್ಲ. ಆ ಇನ್ನೊಂದನ್ನು ಮಾಡಿದವಳು ಅವಳೇ.

ಲಿಫ್ಟ್ ರಿಪೇರಿಯವರಿಗೆ ನೆಟ್‌ವರ್ಕ್ ಅನ್ನುವುದು ಊರಿನವರ ಸುಖ. ಅವರ ಕೆಲಸವೆಲ್ಲ ನೆಲಮಾಳಿಗೆಯಲ್ಲಿ, ಕಾಂಕ್ರೀಟಿನ ಗುಂಡಿಯಲ್ಲಿ, ತಗಡಿನ ಪೆಟ್ಟಿಗೆಯ ನೆತ್ತಿಯ ಮೇಲೆ. ಕಂಪನಿ ಕೊಟ್ಟಿದ್ದ ಆ್ಯಪು ಎಲ್ಲೋ ದೂರದಲ್ಲಿದ್ದ ದೊಡ್ಡ ಕಂಪ್ಯೂಟರನ್ನು ಕೇಳದೆ ಒಂದು ಅಕ್ಷರವನ್ನೂ ತೋರಿಸುತ್ತಿರಲಿಲ್ಲ. ಗುಂಡಿಯೊಳಗೆ ನಿಂತವನಿಗೆ ಕಾಣುತ್ತಿದ್ದದ್ದು ತೆರೆಯ ಮೇಲೆ ಗಿರಗಿರ ತಿರುಗುವ ಚಕ್ರವೊಂದೇ. "ದೇವರ ದರ್ಶನ ಬೇಗ ಸಿಗುತ್ತೆ," ಎಂದು ಅವನು ಮನೆಗೆ ಬಂದು ಬೈಯುತ್ತಿದ್ದ. ಅವಳು ಮನೆಯಲ್ಲೇ ಕೂತು ಅಂಗಡಿಗಳಿಗೆ, ಕ್ಲಿನಿಕ್ಕುಗಳಿಗೆ ಪ್ರೋಗ್ರಾಂ ಬರೆದುಕೊಡುವವಳು. ಅವನ ಬೈಗುಳ ಕೇಳಿ ಕೇಳಿ, ಕೆಲಸ ಕಡಿಮೆಯಿದ್ದ ಒಂದು ಬೇಸಿಗೆಯಲ್ಲಿ ತಂಡದವರಿಗೇ ಒಂದು ಆ್ಯಪು ಮಾಡಿಕೊಟ್ಟಳು.

ಅದರಲ್ಲಿ ಯಜಮಾನ ಕಂಪ್ಯೂಟರ್ ಅಂತ ಇರಲಿಲ್ಲ. ತಂಡದ ಪ್ರತಿಯೊಬ್ಬನ ಫೋನಿನಲ್ಲೂ ಎಲ್ಲ ಕಟ್ಟಡಗಳ ಎಲ್ಲ ಟಿಪ್ಪಣಿ. ಯಾವ ಬಾಗಿಲು ಕಚ್ಚುತ್ತೆ, ಯಾವ ಮೋಟಾರು ಬಿಸಿಯಾಗುತ್ತೆ, ಎಲ್ಲಿಯ ವಾಚ್‌ಮನ್ ಬೀಗದ ಕೈ ಕೊಡಲು ಸತಾಯಿಸುತ್ತಾನೆ. ಗುಂಡಿಯೊಳಗೆ ನಿಂತೇ ಬರೆಯಬಹುದು, ಓದಬಹುದು, ಇನ್ನೊಬ್ಬ ಬರೆದದ್ದನ್ನು ತಿದ್ದಬಹುದು. ಆಮೇಲೆ ಎರಡು ಫೋನುಗಳು ಹತ್ತಿರ ಬಂದು ಸ್ವಲ್ಪ ಹೊತ್ತು ನಿಂತರೆ ಸಾಕು, ಇದರಲ್ಲಿರುವುದು ಅದಕ್ಕೆ, ಅದರಲ್ಲಿರುವುದು ಇದಕ್ಕೆ. ಹೊಸತು ಬಂದರೆ ನಾಲಗೆ ಲೊಚಗುಟ್ಟಿದಂಥ ಒಂದು ಸದ್ದು. ಅವಳು ಅದಕ್ಕೆ ಏನೋ ಚಂದದ ಹೆಸರಿಟ್ಟಿದ್ದಳು. ತಂಡದವರು ಒಂದೇ ವಾರದಲ್ಲಿ ಅದನ್ನು ಚಾಡಿ ಅಂತ ಕರೆಯತೊಡಗಿದರು, ಚಾಡಿಯೇ ಉಳಿಯಿತು.

"ಚಾಡಿ ಆಯ್ತಾ?" ಎಂದು ಒಬ್ಬರನ್ನೊಬ್ಬರು ಕೇಳುವರು.

"ಇರೋ, ಸದ್ದು ಬರಲಿ."

ನಡೆಯುತ್ತ ಹಾದುಹೋದರೆ ಸಾಲದು. ಫೋನುಗಳು ಗುರುತು ಹಿಡಿದು, ಲೆಕ್ಕ ಹಾಕಿ, ಬದಲಾಯಿಸಿಕೊಳ್ಳಲು ಟೀ ಲೋಟ ಅರ್ಧ ಖಾಲಿಯಾಗುವಷ್ಟು ಹೊತ್ತಾದರೂ ಬೇಕು. ಹಾಗಾಗಿ ಪಾಳಿ ಬದಲಾಗುವಾಗ ಗಂಡಸರು ವ್ಯಾನಿನ ಪಕ್ಕ, ಗೇಟಿನ ಹತ್ತಿರ, ಹೆಗಲು ತಾಗಿಸಿ ಸುಮ್ಮನೆ ನಿಲ್ಲುವುದು ರೂಢಿಯಾಯಿತು. ದಾರಿಹೋಕರಿಗೆ ಇವರು ಯಾರಿಗೋ ಕಾಯುತ್ತಿರುವಂತೆ ಕಾಣುತ್ತಿತ್ತು. ನಿಂತ ಮೇಲೆ ಮಾತು ಬರಲೇಬೇಕಲ್ಲ. ಹೆಂಡತಿ, ಮಕ್ಕಳು, ಸೊಂಟನೋವು ಎಲ್ಲ ಬರುತ್ತಿತ್ತು. ಮುಂಚೆ ಇಷ್ಟು ಮಾತಾಡಿಕೊಳ್ಳುತ್ತಿರಲಿಲ್ಲ ಎಂದು ಮೇಸ್ತ್ರಿ ಒಮ್ಮೆ ಅವಳಿಗೇ ಹೇಳಿದ್ದ.

ಮುಂಚೆ ಇದ್ದದ್ದು ಕೆಂಪು ಚೀಟಿ. ಯಾವುದಾದರೂ ಸುರಕ್ಷಾ ತಂತಿ ಕಳಚಿದ್ದರೆ, ಅಡ್ಡ ಹಾಕಿದ್ದರೆ, ಕಂಟ್ರೋಲ್ ಪೆಟ್ಟಿಗೆಗೆ ಅಂಗೈ ಅಗಲದ ಕೆಂಪು ರಟ್ಟು ನೇತುಹಾಕಬೇಕು. ಚಾಡಿ ಬಂದ ಮೇಲೆ ರಟ್ಟು ಹುಡುಕುವವರು ಕಡಿಮೆಯಾದರು. ಎಲ್ಲರ ಜೇಬಿಗೂ ಗೊತ್ತಿರುವುದನ್ನು ಪೆಟ್ಟಿಗೆಗೆ ಯಾಕೆ ಹೇಳಬೇಕು? ಅವಳ ಗಂಡನೊಬ್ಬ ಮಾತ್ರ ಎರಡನ್ನೂ ಮಾಡುತ್ತಿದ್ದ. ತಂಡದಲ್ಲಿ ಅವನನ್ನು ಉದ್ದ ಅನ್ನುತ್ತಿದ್ದರು, ಆಳು ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. "ಉದ್ದನಿಗೆ ಹೆಂಡತಿ ಮೇಲೆ ನಂಬಿಕೆ ಇಲ್ಲ," ಎಂದು ನಗುತ್ತಿದ್ದರು. "ಹೆಂಡತಿ ಮೇಲಿದೆ, ನಿಮ್ಮ ಜೇಬಿನ ಮೇಲಿಲ್ಲ," ಅನ್ನುತ್ತಿದ್ದ.

ಆ್ಯಪು ಬರೆಯುವಾಗ ಅವಳು ಪ್ರತಿ ಟಿಪ್ಪಣಿಗೂ ಎರಡು ಹೊತ್ತು ಇಟ್ಟಿದ್ದಳು. ಬರೆದ ಹೊತ್ತು, ಈ ಫೋನಿಗೆ ತಲುಪಿದ ಹೊತ್ತು. ಅವನು ಅವಳ ಕುರ್ಚಿಯ ಹಿಂದೆ ನಿಂತು ನೋಡಿದ.

"ಇದು ಬೇಡ."

"ಯಾವುದು?"

"ತಲುಪಿದ್ದು. ಯಾರು ಬರೆದ್ರು, ಯಾವಾಗ ಬರೆದ್ರು ಇರಲಿ. ಯಾರಿಗೆ ಯಾವಾಗ ಗೊತ್ತಾಯ್ತು ಅನ್ನೋದು ಯಾಕೆ? ನಾಳೆ ಮ್ಯಾನೇಜರು ಅದನ್ನೇ ಹಿಡ್ಕೊಂಡು ಒಬ್ಬೊಬ್ಬನ ಕುತ್ತಿಗೆ ಅಳೀತಾನೆ. ನಿನಗೆ ಹತ್ತು ಗಂಟೆಗೇ ಗೊತ್ತಿತ್ತಲ್ಲ, ಯಾಕೆ ಹೋಗಲಿಲ್ಲ ಅಂತ. ಒಬ್ಬನೂ ಇದನ್ನ ಹಾಕ್ಕೊಳ್ಳಲ್ಲ."

ಅದು ಸರಿಯೆಂದು ಅವಳಿಗೂ ಅನ್ನಿಸಿತು. ಎರಡು ಸಾಲು ಅಳಿಸಿದಳು. ಅವನು ಅವಳ ನೆತ್ತಿಯ ಮೇಲೆ ಗಲ್ಲ ಊರಿ, ಪರದೆಯ ಮೇಲೆ ಸಾಲುಗಳು ಮೇಲಕ್ಕೆ ಸರಿದು ಕೂತದ್ದನ್ನು ನೋಡಿದ.

ಅವಳ ತಮ್ಮನೂ ಅದೇ ತಂಡದಲ್ಲಿದ್ದ. ಸೇರಿಸಿದವನು ಭಾವನೇ. ಅಮ್ಮ ಬೇಗ ಹೋದ ಮೇಲೆ ಅಕ್ಕನ ಕೈತುತ್ತಿನಲ್ಲಿ ಬೆಳೆದವನು. ಅಕ್ಕನ ಮದುವೆಯಾದಾಗ ಭಾವನ ಜೊತೆಗೇ ಗಂಟುಬಿದ್ದ. ಕೈ ಚುರುಕು, ಕಾಲು ಇನ್ನೂ ಚುರುಕು. ಒಂದು ಕಡೆ ಕೆಲಸ ಮುಗಿಯುವ ಮೊದಲೇ ಇನ್ನೊಂದು ಕಡೆಯ ಕರೆಗೆ ಹೂಂ ಅಂದಿರುತ್ತಿದ್ದ. ಮೇಸ್ತ್ರಿ ನಿವೃತ್ತಿಯಾಗಲಿದ್ದ, ಅವನ ಜಾಗ ತನಗೆ ಬರುತ್ತದೆಂದು ತಮ್ಮ ನಂಬಿದ್ದ. ಮ್ಯಾನೇಜರು ಉದ್ದನನ್ನು ಕರೆದು ಕೇಳಿದಾಗ ಉದ್ದ ಹೇಳಿದ್ದು ಇಷ್ಟೇ: "ಕೆಲಸಗಾರ ಒಳ್ಳೆಯವನು. ಆತುರ ಜಾಸ್ತಿ. ಇನ್ನೆರಡು ವರ್ಷ ಹೋಗಲಿ." ಮಾತು ಸಂಜೆಯೊಳಗೆ ತಮ್ಮನ ಕಿವಿಗೆ ಬಿತ್ತು. ಅದಕ್ಕೆ ಯಾವ ಆ್ಯಪೂ ಬೇಕಾಗಲಿಲ್ಲ.

ಅವತ್ತಿನಿಂದ ತಮ್ಮ ಭಾವನೊಂದಿಗೆ ಮಾತು ಬಿಟ್ಟ. ಮನೆಗೆ ಬರುವುದೂ ನಿಂತಿತು.

"ನೀವೇ ಕರೆದು ಮಾತಾಡಬಾರದಾ?" ಎಂದು ಅವಳು ಕೇಳಿದ್ದಳು.

"ಮಾತಾಡಿದರೆ ಹೇಳಿದ್ದನ್ನೇ ಹೇಳಬೇಕಾಗುತ್ತೆ," ಅಂದಿದ್ದ ಅವನು. "ಆರಲಿ. ಬಿಸಿ ಇದೆ."

ಆರುವ ಮೊದಲು ಆ ದಿನ ಬಂತು. ಹಳೆಯ ಕಚೇರಿ ಕಟ್ಟಡವೊಂದರ ಲಿಫ್ಟು. ಬೆಳಿಗ್ಗೆ ತಮ್ಮ ಹೋಗಿದ್ದ. ನಾಲ್ಕನೇ ಮಹಡಿಯ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಯಾವ ಬಾಗಿಲು ತೆರೆದಿದ್ದರೂ ಲಿಫ್ಟು ಅಲ್ಲಾಡಕೂಡದು, ಅದಕ್ಕೆಂದೇ ಬಾಗಿಲ ಬೀಗಕ್ಕೊಂದು ತಂತಿ ಇರುತ್ತದೆ. ತೊಂದರೆ ಎಲ್ಲಿದೆಯೆಂದು ಹುಡುಕಲು ತಮ್ಮ ಆ ಬೀಗವನ್ನು ದಾಟಿಸಿ ಒಂದು ತುಂಡು ವೈರು ಅಡ್ಡ ಹಾಕಿದ. ಅಷ್ಟರಲ್ಲಿ, ಅವನ ಪಾಳಿ ಮುಗಿಯುತ್ತ ಬಂದಿದ್ದಾಗ, ಬೇರೆ ಕಟ್ಟಡದಲ್ಲಿ ಜನ ಲಿಫ್ಟಿನೊಳಗೆ ಸಿಕ್ಕಿಕೊಂಡಿದ್ದಾರೆಂದು ಕರೆ ಬಂತು. ವೈರು ತೆಗೆಯದೆ ಹೊರಟ. ಕೆಂಪು ರಟ್ಟು ಹಾಕಲಿಲ್ಲ. ಚಾಡಿಯಲ್ಲಿ ಬರೆದ: "ನಾಲ್ಕನೇ ಮಹಡಿ ಬೀಗಕ್ಕೆ ವೈರ್ ಅಡ್ಡ ಹಾಕಿದ್ದೀನಿ, ತೆಗೆದಿಲ್ಲ. ಬಾಗಿಲು ತೆಗೆದರೂ ಲಿಫ್ಟ್ ಓಡುತ್ತೆ. ಮೇನ್ ಆಫ್ ಮಾಡದೆ ಕೈ ಹಾಕಬೇಡಿ." ಮಧ್ಯಾಹ್ನದ ಪಾಳಿಗೆ ಆ ಕಟ್ಟಡಕ್ಕೆ ಬಂದವನು ಭಾವ. ಬಾಗಿಲು ತೆರೆದ, ತೆರೆದಿದೆಯೆಂಬ ಧೈರ್ಯದಲ್ಲಿ ಒಳಗೆ ಬಗ್ಗಿದ. ಕೆಳಗೆ ಯಾರೋ ಲಿಫ್ಟಿನ ಬಟನ್ ಒತ್ತಿದರು.

ಅಂತ್ಯಕ್ರಿಯೆಗೆ ಇಡೀ ತಂಡ ಮನೆಗೆ ಬಂದಿತ್ತು. ಮೂಲೆಯಲ್ಲಿದ್ದ ಅವಳ ಲ್ಯಾಪ್‌ಟಾಪು ಅವರೆಲ್ಲರ ಜೇಬುಗಳಿಂದ ಸುದ್ದಿ ಎಳೆದುಕೊಂಡು ಮತ್ತೆ ಮತ್ತೆ ಲೊಚಗುಟ್ಟಿತು. ಜನ ಖಾಲಿಯಾದ ಮೇಲೆ ಅವಳು ಅದನ್ನು ತೆರೆದು ತಮ್ಮನ ಟಿಪ್ಪಣಿ ಓದಿದಳು. ಬರೆದ ಹೊತ್ತು ಇತ್ತು. ಗಂಡ ಆ ಕಟ್ಟಡಕ್ಕೆ ಕಾಲಿಡುವುದಕ್ಕಿಂತ ಮುಂಚಿನ ಹೊತ್ತು.

ಕಂಪನಿಯ ವಿಚಾರಣೆಯವನು ಬಂದು, ಸೋಫಾದ ಅಂಚಿನಲ್ಲಿ ಕೂತು, ವಿನಯದಿಂದಲೇ ಹೇಳಿದ. "ಎಚ್ಚರಿಕೆ ಬೆಳಿಗ್ಗೆಯೇ ಬರೆದಿದ್ದಾರೆ ಮೇಡಂ. ನಿಮ್ಮವರೂ ಅದೇ ಗುಂಪಿನಲ್ಲಿದ್ದರು. ಹಾಗಾದರೆ ಗೊತ್ತಿರಬೇಕಲ್ಲ."

"ಬರೆದ ಕೂಡಲೇ ಗೊತ್ತಾಗಲ್ಲ," ಎಂದಳು ಅವಳು. "ಫೋನುಗಳು ಹತ್ತಿರ ನಿಲ್ಲಬೇಕು."

"ನಿಂತಿದ್ದರಾ?"

ಅದೇ ಪ್ರಶ್ನೆ. ಅವತ್ತು ಗಂಡ ಬೇರೊಂದು ಕಟ್ಟಡದಿಂದ ನೇರ ಅಲ್ಲಿಗೆ ಹೋಗಿದ್ದ. ದಾರಿಯಲ್ಲಿ ತಂಡದ ಬೇರೆ ಯಾರೂ ಸಿಕ್ಕಿರಲಿಲ್ಲ. ಗೇಟಿನಲ್ಲಿ ಎದುರಾದವನು, ಆಗಷ್ಟೇ ಹೊರಡುತ್ತಿದ್ದ ತಮ್ಮನೊಬ್ಬನೇ.

ತಮ್ಮ ಬಂದದ್ದು ಒಂದು ಮಧ್ಯಾಹ್ನ. ಗಡ್ಡ ಬಿಟ್ಟಿದ್ದ. ಒಳಗೆ ಬಾ ಅಂದರೂ ಬಾಗಿಲ ಚೌಕಟ್ಟಿಗೆ ಒರಗಿಯೇ ಇದ್ದ. ಅತ್ತೆ ಅವನನ್ನು ಒಮ್ಮೆ ನೋಡಿ ಒಳಕೋಣೆಗೆ ಹೋದರು.

"ಕೆಲಸಕ್ಕೆ ಹೋಗ್ತಿಲ್ವಂತೆ?" ಅವಳು ಕೇಳಿದಳು.

"ಮೇಲೆ ಹತ್ತೋಕಾಗ್ತಿಲ್ಲ. ಮೊನ್ನೆ ಹತ್ತಿದೆ. ಕೈ ನಿಲ್ಲಲ್ಲ."

"ಊಟ?"

"ಮಾಡ್ತೀನಿ." ಸುಳ್ಳು. ಬೆಲ್ಟಿಗೆ ಹೊಸ ತೂತು ಕೊರೆದಿದ್ದ, ಮೊಳೆಯಿಂದ, ಅಂಕುಡೊಂಕಾಗಿ.

ತಾನೇ ಶುರುಮಾಡಿದ. "ನಾನು ನಿಂತಿದ್ದೆ ಅಕ್ಕ."

"ಎಲ್ಲಿ?"

"ಗೇಟಲ್ಲಿ. ಭಾವ ವ್ಯಾನ್ ನಿಲ್ಲಿಸಿ ಸಾಮಾನು ಇಳಿಸ್ತಿದ್ರು. ನಾನು ಬೈಕ್ ಹತ್ರ ಇದ್ದೆ. ಮಾತಾಡೋ ಮನಸ್ಸಿರಲಿಲ್ಲ. ಆದ್ರೆ ವೈರ್ ವಿಷಯ ಹೋಗಬೇಕಲ್ಲ. ಹೆಲ್ಮೆಟ್ ಪಟ್ಟಿ ಸಿಕ್ಕಿಹಾಕ್ಕೊಂಡಿದೆ ಅನ್ನೋ ಥರ ನಿಂತೆ. ಬೆನ್ನು ತಿರುಗಿಸಿ. ಅದಕ್ಕೇ ನಿಂತಿದ್ದು. ಅವರೂ ಸ್ವಲ್ಪ ಹೊತ್ತು ನಿಂತ ಹಾಗಿತ್ತು."

"ಸದ್ದು ಬಂತಾ?"

"ತಲೆ ಮೇಲೆ ಹೆಲ್ಮೆಟ್ ಇತ್ತು."

ಅವಳಿಗೆ ಆ ದೃಶ್ಯ ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ ಕಣ್ಣು ಮುಚ್ಚಿಕೊಳ್ಳಬೇಕಾಯಿತು. ಒಬ್ಬರಿಗೊಬ್ಬರು ಬೆನ್ನು ಹಾಕಿ ನಿಂತ ಇಬ್ಬರು ಗಂಡಸರು, ತಾವು ಆಡುವ ಬದಲು ಜೇಬಿನಲ್ಲಿರುವವು ಮಾತಾಡಿಕೊಳ್ಳಲಿ ಎಂದು ಕಾಯುತ್ತ.

"ನಿನ್ನ ಆ್ಯಪಲ್ಲಿ ಗೊತ್ತಾಗಲ್ವಾ? ನನ್ನ ಫೋನಿಂದ ಹೋಗಿದೆಯೋ ಇಲ್ವೋ?"

"ಗೊತ್ತಾಗಲ್ಲ. ಅದನ್ನ ಇಟ್ಟಿಲ್ಲ."

"ಯಾಕೆ ಇಟ್ಟಿಲ್ಲ?"

"ನಿಮ್ಮ ಭಾವ ಬೇಡ ಅಂದ್ರು."

ತಮ್ಮ ತಲೆಯಾಡಿಸಿದ, ಅದೂ ತನಗೆ ಬರಬೇಕಾದದ್ದೇ ಎಂಬಂತೆ.

"ಒಂದು ದಾರಿ ಇದೆ," ಅಂದಳು. ಹೇಳಬಾರದೆಂದು ಎಷ್ಟೋ ದಿನಗಳಿಂದ ನಾಲಗೆ ಕಚ್ಚಿ ಹಿಡಿದಿದ್ದಳು. "ಅವರ ಫೋನು ಬಿದ್ದ ಕೂಡಲೇ ಬ್ಯಾಟರಿ ಕಳಚಿದೆ. ಆವಾಗಿಂದ ಯಾರ ಜೊತೆಗೂ ಅದು ಮಾತಾಡಿಲ್ಲ. ಆ ಗಳಿಗೆಯಲ್ಲಿ ಅದರಲ್ಲಿ ಏನಿತ್ತೋ ಅಷ್ಟೇ ಇದೆ. ಹತ್ತಿರ ಬೇರೆ ಯಾವ ಫೋನೂ ಇಲ್ಲದ ಕಡೆ ಆನ್ ಮಾಡಿ ನೋಡಿದರೆ ಗೊತ್ತಾಗುತ್ತೆ. ಇನ್ನೊಂದು ಹತ್ತಿರ ಬಂದರೆ ಮುಗೀತು. ಎಲ್ಲ ಬೆರೆತುಹೋಗುತ್ತೆ, ಆಮೇಲೆ ನನ್ನಪ್ಪನಾಣೆಗೂ ಗೊತ್ತಾಗಲ್ಲ."

ತಮ್ಮ ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದು ತನ್ನ ಜೇಬು ಮುಟ್ಟಿಕೊಂಡ.

"ಬ್ಯಾಟರಿ ಹಾಕಿಲ್ಲ," ಎಂದಳು ಅವಳು. "ಹೆದರಬೇಡ."

"ಯಾವಾಗ ನೋಡ್ತೀಯ?"

"ಭಾನುವಾರ ಬಾ. ಫೋನ್ ತರಬೇಡ."

ಆ ನಡುವಿನ ದಿನಗಳಲ್ಲಿ ಅವಳು ಎರಡೂ ಉತ್ತರಗಳನ್ನು ಮನಸ್ಸಿನಲ್ಲಿ ಹಾಕಿ ನೋಡಿದಳು. ತಲುಪಿದ್ದರೆ, ಗಂಡ ಅದನ್ನು ಓದಿಯೂ, ಅಥವಾ ಸದ್ದು ಕೇಳಿಯೂ ಓದದೆ, ಒಳಗೆ ಬಗ್ಗಿದ. ಹಾಗಾದರೆ ಅವನು ಅವಳಿಗೆ ಗೊತ್ತಿದ್ದ ಮನುಷ್ಯನೇ ಅಲ್ಲ. ತಲುಪದಿದ್ದರೆ ಅವನು ಅವನೇ, ಪೂರ್ತಿ ಅವನೇ, ತಮ್ಮ ಮಾತ್ರ ಇನ್ನು ಅವಳ ಮನೆಯ ಹೊಸಿಲು ದಾಟುವ ಹಾಗಿಲ್ಲ. ಒಂದರಲ್ಲಿ ಗಂಡ ಹೋಗುತ್ತಾನೆ, ಇನ್ನೊಂದರಲ್ಲಿ ತಮ್ಮ. ಎರಡರಲ್ಲೂ ಅವಳು ಅಳಿಸಿದ ಆ ಎರಡು ಸಾಲು, ಅವಳಿಂದಾಗಿ ಪೆಟ್ಟಿಗೆಯ ಮೇಲಿಂದ ಇಳಿದುಹೋದ ಆ ಕೆಂಪು ರಟ್ಟು. ಯಾವ ಕಡೆಯಿಂದ ಹಿಡಿದರೂ ಕೈ ಸುಡುತ್ತಿತ್ತು. ಆದರೂ ಗೊತ್ತಾಗದೆ ಇರುವುದು ಇನ್ನೂ ಕಷ್ಟವಾಗಿತ್ತು. ಸ್ನಾನಕ್ಕೆ ನಿಂತಾಗ, ಹಾಲು ಕಾಯಿಸುವಾಗ, ಗೇಟು, ವ್ಯಾನು, ಹೆಲ್ಮೆಟ್ಟು.

ಭಾನುವಾರ ಅವಳು ತನ್ನ ಫೋನನ್ನೂ ಲ್ಯಾಪ್‌ಟಾಪನ್ನೂ ಪೂರ್ತಿ ಆರಿಸಿದಳು. ಅತ್ತೆಯ ಫೋನಿನಲ್ಲಿ ಚಾಡಿ ಇರಲಿಲ್ಲ, ಆದರೂ ಆರಿಸಿದಳು. ಊಟದ ಮೇಜನ್ನು ಕಿಟಕಿಯ ಹತ್ತಿರ ಎಳೆದು, ಬ್ಯಾಟರಿ ಸಿಕ್ಕಿಸಿ, ಚಾರ್ಜಿಗೆ ಇಟ್ಟಳು. ಕೆಂಪು ದೀಪ ಹತ್ತಿತು.

ತಮ್ಮ ಬಂದ. ಒಳಗೆ ಬರುವ ಮೊದಲು ಎರಡೂ ಜೇಬು ಹೊರಗೆಳೆದು ತೋರಿಸಿದ, ಚಿಕ್ಕವನಿದ್ದಾಗ ಕದ್ದಿಲ್ಲವೆಂದು ತೋರಿಸುತ್ತಿದ್ದ ಹಾಗೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ತರಕಾರಿ ಹೆಚ್ಚುತ್ತ ಕೂತಿದ್ದರು. ಅವಳು ಬೆಳಿಗ್ಗೆ ಅವರಿಗೆ ಎಲ್ಲ ಹೇಳಿದ್ದಳು. ಅತ್ತೆ ಕೇಳಿ, "ಇದರಲ್ಲಿ ನೋಡೋದೇನಿದೆ?" ಅಂದಿದ್ದರು. "ಗೊತ್ತಿದ್ದರೆ ನನ್ನ ಮಗ ಕೈ ಹಾಕ್ತಿದ್ನಾ? ಸ್ಕ್ರೂ ಬಿಗಿ ಮಾಡಿ ಎರಡು ಸಲ ತಿರುಗಿ ನೋಡೋನು. ಗ್ಯಾಸ್ ಆರಿಸಿದೀನಾ ಅಂತ ಬೀದಿಯಿಂದ ವಾಪಸ್ ಬರೋನು."

ತಮ್ಮ ಮೇಜಿನ ಆಚೆ ಕೂತ. ಫೋನಿನ ಕಡೆ ನೋಡಲಿಲ್ಲ, ಕಿಟಕಿಯ ಕಡೆ ತಿರುಗಿದ.

"ನೀನೇ ನೋಡಿ ಹೇಳು."

"ಹೂಂ."

"ಬಂದಿಲ್ಲ ಅಂದ್ರೂ ಹೇಳಿಬಿಡು ಅಕ್ಕ. ಮುಚ್ಚಿಡಬೇಡ. ನಾನೇನೂ ಮಾಡ್ಕೊಳ್ಳಲ್ಲ."

ಅದನ್ನು ಯಾರೂ ಕೇಳಿರಲಿಲ್ಲ. ಅತ್ತೆಯ ಚಾಕು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಫೋನು ಎದ್ದಿತು. ಗಂಡ ಇಟ್ಟುಕೊಂಡಿದ್ದ ಚಿತ್ರ, ಅವಳು ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದಾಗ ತೆಗೆದದ್ದು, ಬಾಯಿ ತೆರೆದುಕೊಂಡಿತ್ತು. ಚಾಡಿ ತೆರೆದಳು. ಕಟ್ಟಡಗಳ ಪಟ್ಟಿ. ಆ ಕಟ್ಟಡ. ಲಿಫ್ಟು.

ತಮ್ಮನ ಟಿಪ್ಪಣಿ ಇರಲಿಲ್ಲ.

ಮೇಲೆ ಕೆಳಗೆ ಸರಿಸಿ ನೋಡಿದಳು. ಹಳೆಯವೆಲ್ಲ ಇದ್ದವು. ಆ ಬೆಳಗಿನದು ಇರಲಿಲ್ಲ. ಅದರ ಜಾಗದಲ್ಲಿ, ಎಲ್ಲಕ್ಕಿಂತ ಕೆಳಗೆ, ಬೇರೊಂದು ಇತ್ತು. ಗಂಡನದು. ಅವನು ಕೆಲಸ ಮಾಡುತ್ತಲೇ ಒಂದು ಹೆಬ್ಬೆರಳಲ್ಲಿ ಬರೆಯುತ್ತಿದ್ದ, ಮನೆಯಲ್ಲಿ ಸಾಮಾನಿನ ಚೀಟಿಯನ್ನೂ ಹಾಗೇ ಬರೆಯುತ್ತಿದ್ದ. "ನಾಲ್ಕನೇ ಮಹಡಿ. ಬಾಗಿಲು ತೆಗೆದೇ ಇಟ್ಟಿದ್ದೀನಿ, ಹಾಗಾಗಿ ಲಿಫ್ಟ್ ಅಲ್ಲಾಡಲ್ಲ. ಕೆಳಗಿನ ರೋಲರ್ ಸವೆದು" ಅಷ್ಟಕ್ಕೇ ನಿಂತಿತ್ತು.

ಯಾರಿಗೂ ತಲುಪದ ಸಾಲು. ಲೋಕದಲ್ಲಿ ಇದೊಂದೇ ಪ್ರತಿ.

ಹಾಗಾದರೆ ಅವನು ಅವನೇ ಆಗಿದ್ದ. ಅವಳ ಎದೆಯಲ್ಲಿ ಏನೋ ಬಿಚ್ಚಿಕೊಂಡಿತು, ಅಳುವಿನ ಹತ್ತಿರದ್ದು, ಸಂತೋಷದ ಹತ್ತಿರದ್ದೂ ಹೌದು. ಅತ್ತೆ, ನೀವು ಹೇಳಿದ್ದೇ ಸರಿ ಎನ್ನಲು ತಲೆ ಎತ್ತಿದಳು. ಕಂಡದ್ದು ತಮ್ಮನ ಕತ್ತು. ಕಿಟಕಿಯ ಬೆಳಕಿಗೆ ಹಿಂಬದಿಯ ಎರಡು ನರ ಎದ್ದು ನಿಂತಿದ್ದವು, ತೊಳೆಯದ ಕಾಲರು ಅದರ ಸುತ್ತ ಸಡಿಲವಾಗಿ ನಿಂತಿತ್ತು. ಅವನ ಎರಡು ಕೈಯೂ ಮೇಜಿನ ಕೆಳಗೆ ಮಂಡಿಗಳ ನಡುವೆ ಒತ್ತಿಕೊಂಡಿದ್ದವು.

"ಬಂದಿದೆ," ಎಂದಳು.

ತಮ್ಮ ತಿರುಗಲಿಲ್ಲ. "ಏನು?"

"ಬಂದಿದೆ. ನಿನ್ನ ಟಿಪ್ಪಣಿ. ಇದೆ."

ಚಾಕು ನಿಂತಿತು. ಈ ಸಲ ಮತ್ತೆ ಶುರುವಾಗಲಿಲ್ಲ.

"ತೋರಿಸು," ಎಂದು ತಮ್ಮ ಕೈ ಚಾಚಿದ.

"ಇರು. ಚಾರ್ಜ್ ನಿಲ್ತಿಲ್ಲ ಇದು, ಆರಿಹೋಗುತ್ತೆ. ಒಳಗಿನ ಚಾರ್ಜರಿಗೆ ಹಾಕಿ ತರ್ತೀನಿ."

ಕೋಣೆಗೆ ಹೋಗಿ ಬಾಗಿಲು ಮುಚ್ಚಿದಳು. ಮಂಚದ ಅಂಚಿನಲ್ಲಿ ಕೂತು ಫೋನಿನ ಸದ್ದನ್ನು ಪೂರ್ತಿ ಇಳಿಸಿದಳು. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಅದರ ಗುಂಡಿಯ ಮೇಲೆ ಬೆರಳಿಟ್ಟು ತಡೆದಳು. ಈಗ ಎರಡೂ ಕೂಡಿದರೆ ತಮ್ಮನ ಟಿಪ್ಪಣಿ ಈಚೆ ಬರುತ್ತದೆ. ಆದರೆ ಗಂಡನ ಸಾಲು ಆಚೆ ಹೋಗುತ್ತದೆ. ಹೋಗಿ ಎಲ್ಲರ ಫೋನಿನಲ್ಲೂ, ತಮ್ಮನದರ ಕೆಳಗೇ ಕೂರುತ್ತದೆ. ಓದಿದ ಯಾರಿಗಾದರೂ ತಿಳಿಯುತ್ತದೆ, ಇದನ್ನು ಬರೆದವನಿಗೆ ಅದು ಗೊತ್ತಿರಲಿಲ್ಲವೆಂದು.

ಆ ಸಾಲನ್ನು ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಬಹುದಿತ್ತು. ಮಾಡಿಟ್ಟರೆ ಒಂದು ದಿನ ಯಾರಿಗಾದರೂ ತೋರಿಸುತ್ತೇನೆಂದು ಅವಳಿಗೆ ಗೊತ್ತಿತ್ತು. ಅತ್ತೆಗೆ. ಅಥವಾ ಯಾವುದೋ ಜಗಳದಲ್ಲಿ ತಮ್ಮನಿಗೇ. ಸಾಲಿನ ಮೇಲೆ ಬೆರಳು ಒತ್ತಿ ಹಿಡಿದಳು. ಅದು ನೀಲಿಯಾಯಿತು. ಒಮ್ಮೆ ಓದಿದಳು, ತುಟಿ ಅಲ್ಲಾಡಿಸಿ, ಪಾಠ ಒಪ್ಪಿಸುವವಳಂತೆ. ಅಳಿಸಿದಳು. ಚಾಡಿ ಕೇಳಿತು, ಖಂಡಿತವಾಗಿಯೂ ಅಳಿಸಬೇಕೇ? ಆ ಪ್ರಶ್ನೆಯನ್ನೂ ಅವಳೇ ಬರೆದಿದ್ದಳು. ಹೌದು.

ಆಮೇಲೆ ಲ್ಯಾಪ್‌ಟಾಪು ಆನ್ ಮಾಡಿದಳು. ಎರಡೂ ಒಂದನ್ನೊಂದು ಗುರುತು ಹಿಡಿದು, ಲೆಕ್ಕ ಹಾಕಿ, ಸದ್ದಿಲ್ಲದೆ ಬೆರೆತವು. ತಮ್ಮನ ಟಿಪ್ಪಣಿ ಗಂಡನ ಫೋನಿನಲ್ಲಿ ಕಾಣಿಸಿತು, ಬೆಳಗಿನಿಂದ ಅಲ್ಲೇ ಇದ್ದ ಹಾಗೆ, ಬರೆದ ಹೊತ್ತಿನ ಸಮೇತ.

ಹೊರಗೆ ತಂದು ತಮ್ಮನ ಕೈಗೆ ಕೊಟ್ಟಳು. ಅವನು ತನ್ನದೇ ಮಾತನ್ನು ಬೆರಳಿಟ್ಟು ಓದಿದ. ಮತ್ತೊಮ್ಮೆ ಓದಿದ. ಅವನ ಮುಖ ಸುಕ್ಕಾಯಿತು. ತಲೆಯನ್ನು ಮೇಜಿಗೆ ಹಚ್ಚಿ, ಭುಜ ಕುಲುಕಿಸಿ ಅತ್ತ. ಅವಳು ಅವನ ಬೆನ್ನ ಮೇಲೆ ಕೈಯಿಟ್ಟಳು.

ಅತ್ತೆ ಎದ್ದು ಬಂದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು. "ಓದು, ಏನು ಬರೆದಿದೆ."

ಅವಳು ಓದಿದಳು. ವೈರ್ ಅಡ್ಡ ಹಾಕಿದ್ದೀನಿ. ಬಾಗಿಲು ತೆಗೆದರೂ ಲಿಫ್ಟ್ ಓಡುತ್ತೆ. ಕೈ ಹಾಕಬೇಡಿ.

"ಇದು ಅವನ ಹತ್ತಿರ ಇತ್ತಾ? ಆವಾಗಲೇ?"

"ಇತ್ತು ಅತ್ತೆ."

"ಇಷ್ಟು ಬಿಡಿಸಿ ಹೇಳಿದೆ."

"ಹೂಂ."

ಅತ್ತೆ ಫೋನನ್ನು ನೋಡಿದರು, ಸೊಸೆಯನ್ನು ನೋಡಿದರು. ಏನೋ ಕೇಳುವವರಂತೆ ಇದ್ದರು. ಕೇಳಲಿಲ್ಲ. "ಇನ್ನೇನು ಬೇಕಿತ್ತಂತೆ ಅವನಿಗೆ," ಎಂದು ಯಾರಿಗೂ ಅಲ್ಲದಂತೆ ಹೇಳಿ, ಹೆಚ್ಚಿದ್ದನ್ನು ಪಾತ್ರೆಗೆ ಹಾಕಲು ಹೋದರು. ಫೋಟೋಗಳನ್ನು ತೋರಿಸಲೇ ಎಂದು ಅವಳು ಆಮೇಲೆ ಕೇಳಿದಾಗ, "ಇರಲಿ, ಇನ್ನೊಂದು ದಿನ," ಅಂದರು.

ಆ ಇನ್ನೊಂದು ದಿನ ಬರಲಿಲ್ಲ. ಅತ್ತೆ ಮಗನ ಮಾತು ಕಡಿಮೆ ಮಾಡಿದರು. ಬೀದಿಯಿಂದ ವಾಪಸ್ ಬಂದು ಗ್ಯಾಸ್ ನೋಡುತ್ತಿದ್ದ ಮಗನ ಕತೆ ಮನೆಯಲ್ಲಿ ಮತ್ತೆ ಕೇಳಿಸಲಿಲ್ಲ. ಪಕ್ಕದ ಮನೆಯವಳು ಬಂದು ಕಂಪನಿಯವರನ್ನು ಬೈದಾಗ, "ಅವರದೇನು ತಪ್ಪು," ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ವಿಚಾರಣೆಯವನು ಮತ್ತೆ ಬಂದು ಫೋನನ್ನು ನೋಡಿ ವರದಿಯಲ್ಲಿ ಬರೆದುಕೊಂಡ: ಎಚ್ಚರಿಕೆ ತಲುಪಿತ್ತು.

ತಮ್ಮ ಗಡ್ಡ ತೆಗೆದ. ಕೆಲಸಕ್ಕೆ ಹೋದ, ಮೇಲೆ ಹತ್ತಿದ. ಭಾನುವಾರಗಳಂದು ಮೊದಲಿನಂತೆ ಊಟಕ್ಕೆ ಬರತೊಡಗಿದ. ಬಡಿಸಿದ್ದನ್ನೆಲ್ಲ ಉಂಡು, ಇನ್ನೂ ಇದೆಯಾ ಅನ್ನುವಂತೆ ಪಾತ್ರೆಯ ಕಡೆ ನೋಡುತ್ತಿದ್ದ. ಅವಳಿಗೆ ಬೇಕಾದದ್ದು ಇದೇ. ಅವನು ಮುದ್ದೆ ಮುದ್ದೆಯಾಗಿ ಉಣ್ಣುವುದನ್ನು ನೋಡುವಾಗ ಅವಳಿಗೆ ಹೊಟ್ಟೆ ತುಂಬಿದಂತಾಗುತ್ತಿತ್ತು.

ಅಂಥ ಒಂದು ಭಾನುವಾರ, ಊಟ ಅರ್ಧವಾಗಿದ್ದಾಗ, ಅವನು ಮೆಲ್ಲಗೆ ಹೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವೇ ಇತ್ತು.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ ಅಕ್ಕ. ಭಾವನಿಗೆ ಸ್ವಲ್ಪ ಧಿಮಾಕಿತ್ತು."

ಅವಳು ಸೌಟನ್ನು ಹಿಡಿದೇ ನಿಂತಳು.

"ನಾನು ಬರೆದಿದ್ದು ಅಲ್ವಾ. ಇವನೇನು ಹೇಳೋದು ನನಗೆ ಅಂತ ಅನ್ನಿಸಿರುತ್ತೆ. ಓದಿ ಪಕ್ಕಕ್ಕೆ ಹಾಕಿರ್ತಾರೆ. ನನಗೆ ಆತುರ ಅಂತಿದ್ರು, ಪಾಪ. ಕೊನೆಗೆ ನೋಡು." ತುತ್ತು ಬಾಯಿಗಿಟ್ಟು, ಅಗಿದು, ನುಂಗಿದ. "ನನಗೀಗ ಅವರ ಮೇಲೆ ಏನೂ ಇಲ್ಲ. ಕ್ಷಮಿಸಿಬಿಟ್ಟಿದ್ದೀನಿ."

ಒಳಕೋಣೆಯಲ್ಲಿ ಮಂಚ ಕಿರ್ರೆಂದಿತು. ಅತ್ತೆ ಎದ್ದು ಬಂದು, ಇವರ ಕಡೆ ನೋಡದೆ, ಕೋಣೆಯ ಬಾಗಿಲನ್ನು ಒಳಗಿನಿಂದ ಮೆಲ್ಲಗೆ ಮುಚ್ಚಿಕೊಂಡರು.

ತಮ್ಮ ಅವಳ ಮುಖ ನೋಡುತ್ತಿದ್ದ. ಉತ್ತರಕ್ಕೆ ಕಾಯುತ್ತಿದ್ದ.

"ಇರಬಹುದು," ಎಂದಳು ಅವಳು, ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತ.